ಮಿಷನ್ ಆಸ್ಪತ್ರೆಯ ಹೆರಿಗೆ ಪುಸ್ತಕಗಳೂ ಮಧುಮೇಹಿಗಳ ಹೃದಯವೂ

ಮೈಸೂರು ನಗರದ ಮಂಡಿಮೊಹಲ್ಲದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಆ ಹೆಸರಿನಿಂದ ಕೇಳಿದರೆ ದಾರಿ ತೋರಿಸುವವರು ವಿರಳ. ಮಿಷನ್ ಆಸ್ಪತ್ರೆಯೆಂದರೆ ಚಿಕ್ಕ ಮಕ್ಕಳೂ ಬಲ್ಲರು. ವೆಸ್ಲಿಯನ್ ಮಿಷನ್ನಿನವರು ೧೯೦೬ರಲ್ಲಿ ಹೆಂಗಸರ ಮತ್ತು ಮಕ್ಕಳ ಶುಶ್ರೂಷೆಗೆಂದು ಇದನ್ನು ತೆರೆದರು. ಅಂದಿನಿಂದ ಈ ಊರಿನ ಎಷ್ಟು ಮನೆಗಳ ಎಷ್ಟು ತಲೆಮಾರುಗಳು ಅಲ್ಲಿ ಕಣ್ಣು ತೆರೆದುವೋ ಲೆಕ್ಕವಿಟ್ಟವರಾರು ಎಂದು ನಾವು ಕೇಳಬಹುದು. ಆದರೆ ಲೆಕ್ಕವಿಟ್ಟವರು ಇದ್ದರು. ಪ್ರಕೃತ ಲೇಖನದ ವಿಷಯವೇ ಆ ಲೆಕ್ಕದ ಪುಸ್ತಕ.

೧೯೩೪ರಿಂದೀಚೆಗೆ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ, ಹಾಗೆಯೇ ತಾಯಿಯ ತೂಕ ಮತ್ತು ಅವಳ ಕಟಿಯ ಅಳತೆ, ಇವುಗಳನ್ನು ಹೆರಿಗೆಯ ಕೋಣೆಯ ದಾಖಲೆಗಳಲ್ಲಿ ಬರೆದಿಡುವ ಪದ್ಧತಿಯಿದ್ದಿತು. ಅವು ಉಳಿದುವು. ಹೀಗೆ ಬರೆದಿಟ್ಟವರಿಗೆ ಮುಂದೆ ಇದರಿಂದ ಏನು ತಿಳಿದೀತೆಂಬ ಕಲ್ಪನೆಯೂ ಇದ್ದಿರಲಾರದು. ಹೆರಿಗೆ ಸುಗಮವಾದೀತೆ, ಕೂಸು ಬದುಕೀತೆ ಎಂಬಷ್ಟೇ ಅವರ ಚಿಂತೆ. ಅರುವತ್ತು ವರ್ಷಗಳ ತರುವಾಯ ಆ ಅಂಕಿಗಳಿಂದ ಮೈಸೂರಿನವರ ಹೃದಯದ ಮತ್ತು ಸಕ್ಕರೆ ಕಾಯಿಲೆಯ ಚರಿತ್ರೆಯನ್ನು ಓದಲು ಸಾಧ್ಯವಾಯಿತು. ಅದು ಹೇಗಾಯಿತೆಂಬುದನ್ನು ಹೇಳುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ.

ಆ ಪುಸ್ತಕದ ಮೊದಲ ಸಾಲುಗಳು ಬರೆಯಲ್ಪಟ್ಟಾಗ ನಾಲ್ವಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿದ್ದರು. ಸರ್ ಮಿರ್ಜಾ ಇಸ್ಮಾಯಿಲ್ಲರು ದಿವಾನರು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈದ್ಯಕೀಯ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಬಂದು ನೆಲೆಸಿದ್ದಿತು. ಊರಿನ ಹಿರಿಯರಿಗೆ ಪ್ಲೇಗಿನ ನೆನಪು ಮಾಸಿರಲಿಲ್ಲ. ಆ ಮಾರಿಯ ಭಯದಿಂದಲೇ ಅಲ್ಲವೆ, ೧೯೦೩ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಹುಟ್ಟಿ, ಇಕ್ಕಟ್ಟಿನ ಕೇರಿಗಳ ಬದಲು ನಾವು ಈಗ ಹೆಮ್ಮೆಯಿಂದ ತೋರಿಸುವ ಅಗಲವಾದ ಬೀದಿಗಳು ಆದದ್ದು. ಪ್ಲೇಗಿನ ಬೆನ್ನಿಗೆ ಕ್ಷಯ. ಮಹಾರಾಜರ ಸೋದರಿಯಾದ ಕೃಷ್ಣಾಜಮ್ಮಣ್ಣಿಯವರೇ ಆ ರೋಗಕ್ಕೆ ತುತ್ತಾದರು. ಅವರ ನೆನಪಿಗಾಗಿ ಊರ ಹೊರಗೆ, ಕನ್ನಂಬಾಡಿಯ ದಾರಿಯಲ್ಲಿ ಗಾಳಿಬೆಳಕು ಧಾರಾಳವಾಗಿರುವೆಡೆ ಕ್ಷಯರೋಗಿಗಳ ಆರೋಗ್ಯಧಾಮವೊಂದು ಕಟ್ಟಲ್ಪಟ್ಟಿತು. ಮನುಷ್ಯನು ಸೋಂಕಿನಿಂದ ಸಾಯುವ ಕಾಲವದು. ಹೃದಯದ ರೋಗದಿಂದ ಸಾಯುವಷ್ಟು ಕಾಲ ಬದುಕುವ ಭಾಗ್ಯ ಬಹುಮಂದಿಗೆ ಇರಲಿಲ್ಲ.

ಮಧುಮೇಹವು ನಮ್ಮವರಿಗೆ ಹೊಸತಲ್ಲ. ಚರಕಸಂಹಿತೆಯಲ್ಲಿ ಪ್ರಮೇಹದ ಇಪ್ಪತ್ತು ಭೇದಗಳನ್ನು ಹೇಳಿ, ಅದರ ಪೂರ್ವರೂಪಗಳಲ್ಲಿ ಶರೀರಕ್ಕೂ ಮೂತ್ರಕ್ಕೂ ಇರುವೆಗಳು ಮುತ್ತುವುದನ್ನು ಗುರುತಿಸಿದೆ. ಸುಶ್ರುತನು ಹುಟ್ಟಿನಿಂದ ಬಂದುದೆಂದೂ ಅಪಥ್ಯದಿಂದ ಬಂದುದೆಂದೂ ಎರಡು ಬಗೆ ಮಾಡಿ, ಮೊದಲನೆಯವನು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ವಿಂಗಡಿಸಿರುವನು. ಈಗಿನ ವೈದ್ಯರು ಹೇಳುವ ಎರಡು ಬಗೆಗಳಿಗೆ ಇದು ಎಷ್ಟು ಹತ್ತಿರವೆಂಬುದನ್ನು ಬಲ್ಲವರು ಮೆಚ್ಚದಿರರು. ಚಿಕಿತ್ಸೆಯ ಭಾಗದಲ್ಲಿ, ಹಣವಿಲ್ಲದ ರೋಗಿಯು ಮುನಿಯಂತೆ ಮಿತಾಹಾರಿಯಾಗಿ ನೂರು ಯೋಜನ ನಡೆಯಲಿ, ಇಲ್ಲವೆ ಬಾವಿ ತೋಡಲಿ ಎಂದಿದೆ. ಹಣವಂತನಿಗೆ ಈ ವಿಧಿಯನ್ನು ಏಕೆ ಕಡ್ಡಾಯ ಮಾಡಲಿಲ್ಲವೋ ತಿಳಿಯದು. ಅವನಿಗೇ ಅದು ಹೆಚ್ಚು ಬೇಕಾಗಿತ್ತು. ಹೃದ್ರೋಗವನ್ನೂ ಆ ಗ್ರಂಥಗಳು ಐದು ವಿಧವಾಗಿ ವಿವರಿಸಿವೆ, ಆದರೆ ಬೇರೆ ಅಧ್ಯಾಯದಲ್ಲಿ. ಇವೆರಡು ರೋಗಗಳು ಒಂದೇ ಮನೆಯ ಅಣ್ಣತಮ್ಮಂದಿರೆಂಬ ಮಾತು ಲೋಕಕ್ಕೆ ಚೆನ್ನಾಗಿ ಮನದಟ್ಟಾದುದು ಇಪ್ಪತ್ತನೆಯ ಶತಮಾನದಲ್ಲಿ.

ಅದಕ್ಕೆ ಕಾರಣವೂ ವಿಚಿತ್ರವಾಗಿದೆ. ೧೯೨೧ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮ್ಯಾಕ್ಲಿಯಾಡರ ಪ್ರಯೋಗಶಾಲೆಯಲ್ಲಿ ಮೇದೋಜೀರಕಾಂಗದ ಸಾರವನ್ನು ತೆಗೆದರು. ಕಾಲಿಪ್ ಎಂಬವರು ಅದನ್ನು ಶುದ್ಧಿಮಾಡಿದರು. ೧೯೨೨ರ ಜನವರಿಯಲ್ಲಿ ಸಾವಿನ ಅಂಚಿನಲ್ಲಿದ್ದ ಒಬ್ಬ ಹುಡುಗನಿಗೆ ಅದನ್ನು ಚುಚ್ಚಲಾಯಿತು. ಇನ್ಸುಲಿನ್ನಿನ ಕಥೆ ಎಲ್ಲರೂ ಬಲ್ಲದ್ದು. ಅದರ ಮುಂದಿನ ಕಥೆಯನ್ನು ಬಲ್ಲವರು ಕಡಮೆ. ಅದಕ್ಕೆ ಮೊದಲು ಮಧುಮೇಹಿಗಳಲ್ಲಿ ಬಹುಮಂದಿ, ಮುಖ್ಯವಾಗಿ ಎಳೆಯರು, ರಕ್ತ ಆಮ್ಲವಾಗಿ ಪ್ರಜ್ಞೆತಪ್ಪಿ ಸಾಯುತ್ತಿದ್ದರು. ಇನ್ಸುಲಿನ್ ಅವರನ್ನು ಉಳಿಸಿತು. ಉಳಿದವರು ಹತ್ತು, ಇಪ್ಪತ್ತು, ಮೂವತ್ತು ವರ್ಷ ಬಾಳಿದರು. ಆಗ ಅವರ ರಕ್ತನಾಳಗಳು ಕೆಡುವುದನ್ನು ಕಾಣಲು ವೈದ್ಯರಿಗೆ ಅವಕಾಶವಾಯಿತು. ಒಂದು ಬಾಗಿಲಿನಲ್ಲಿ ಯಮನನ್ನು ತಡೆದರೆ ಅವನು ಮತ್ತೊಂದು ಬಾಗಿಲಿಗೆ ಸುತ್ತಿಕೊಂಡು ಬಂದಂತಾಯಿತು.

ಹೃದಯಾಘಾತದ ತಿಳಿವಳಿಕೆಯೂ ಆ ಕಾಲದ್ದೇ. ಹೃದಯಕ್ಕೆ ರಕ್ತವನ್ನು ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಮನುಷ್ಯನು ಆ ಕ್ಷಣವೇ ಸಾಯಬೇಕಾಗಿಲ್ಲ, ಬದುಕಿ ಉಳಿಯಬಹುದು ಎಂದು ಶಿಕಾಗೋ ನಗರದ ಹೆರಿಕ್ ಎಂಬ ವೈದ್ಯರು ೧೯೧೨ರಲ್ಲಿ ಬರೆದರು. ಉಳಿದವನನ್ನು ಏನು ಮಾಡಬೇಕು? ಮಲಗಿಸಬೇಕು ಎಂಬುದೇ ಅಂದಿನ ಉತ್ತರ. ಸತ್ತ ಸ್ನಾಯು ಗಾಯದಂತೆ ಮಾಯುವವರೆಗೆ ಆರು ವಾರ ಮಂಚದಿಂದ ಇಳಿಯಕೂಡದು. ಊಟವನ್ನೂ ಪರರೇ ಉಣ್ಣಿಸಬೇಕು.

ಈ ಪದ್ಧತಿಯನ್ನು ನಾನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿರುವೆನು. ನಮ್ಮ ದೊಡ್ಡಪ್ಪನವರು ಚಾಮರಾಜಪುರದಲ್ಲಿದ್ದ ಶಾಲಾ ಉಪಾಧ್ಯಾಯರು. ಸಕ್ಕರೆ ಕಾಯಿಲೆ ಹನ್ನೆರಡು ವರ್ಷಗಳಿಂದ ಇದ್ದಿತು. ಒಂದು ರಾತ್ರಿ ಅವರಿಗೆ ಮೈಯೆಲ್ಲ ಬೆವತು, ಎರಡು ಬಾರಿ ವಾಂತಿಯಾಯಿತು. ಎದೆನೋವೆಂಬುದು ಎಳ್ಳಷ್ಟೂ ಇರಲಿಲ್ಲ. ಅಜೀರ್ಣವೆಂದು ದೊಡ್ಡಮ್ಮ ಜೀರಿಗೆಯ ಕಷಾಯ ಕಾಯಿಸಿಕೊಟ್ಟರು. ಸಂಜೆ ಬಂದ ವೈದ್ಯರೂ ಹಾಗೆಯೇ ಭಾವಿಸಿದರು. ಐದಾರು ದಿನಗಳಾದ ಮೇಲೆ ಮೆಟ್ಟಿಲು ಹತ್ತಲಾರದೆ ಕುಳಿತುಬಿಟ್ಟಾಗ ಹೃದಯದ ವಿದ್ಯುಲ್ಲೇಖನ ತೆಗೆಸಿದರು. ಆಘಾತವು ಆ ರಾತ್ರಿಯೇ ಆಗಿಹೋಗಿದ್ದಿತು. ಆಮೇಲೆ ನಡುಮನೆಯಲ್ಲಿ ಆರು ವಾರ ಅವರು ಮಲಗಿದ್ದರು. ಮಕ್ಕಳಾದ ನಾವು ಹೆಜ್ಜೆಯ ಸದ್ದಾಗದಂತೆ ಗೋಡೆಗುಂಟ ನಡೆಯುತ್ತಿದ್ದೆವು. ಎದ್ದಾಗ ಅವರ ಕಾಲುಗಳಲ್ಲಿ ಕಸುವೇ ಇರಲಿಲ್ಲ. ಅವರು ಮತ್ತೆ ಶಾಲೆಗೆ ಹೋಗಲಿಲ್ಲ. ಮೂರು ವರ್ಷ ಬದುಕಿದ್ದು, ಪಾದಗಳು ಊದಿ, ದಿಂಬುಗಳಿಗೆ ಒರಗಿಕೊಂಡೇ ನಿದ್ರೆಮಾಡುತ್ತ ತೀರಿಕೊಂಡರು. ಆ ಮೂರು ವರ್ಷಗಳಲ್ಲಿ ಅವರ ಹೃದಯವು ಯಾವ ಸ್ಥಿತಿಯಲ್ಲಿದ್ದಿತೆಂಬುದನ್ನು ಮನೆಯವರಾಗಲಿ ವೈದ್ಯರಾಗಲಿ ನೋಡಲು ದಾರಿಯಿರಲಿಲ್ಲ.

ಮಲಗಿಸುವುದು ತಪ್ಪೆಂದು ಅಷ್ಟರಲ್ಲಿಯೇ ಕೆಲವರು ಹೇಳಿದ್ದರೆಂಬುದನ್ನು ಬಹುಕಾಲದ ಮೇಲೆ ಓದಿ ತಿಳಿದೆನು. ಬಾಸ್ಟನ್ ನಗರದ ಲಿವೈನ್ ಮತ್ತು ಲೌನ್ ಎಂಬವರು ರೋಗಿಗಳನ್ನು ಮೊದಲ ದಿನಗಳಲ್ಲಿಯೇ ಎತ್ತಿ ಕೈಕುರ್ಚಿಯಲ್ಲಿ ಕೂರಿಸಿ ನೋಡಿ, ಅದರಿಂದ ಹಾನಿಯಿಲ್ಲ, ಲಾಭವೇ ಉಂಟೆಂದು ೧೯೫೨ರಲ್ಲಿ ಪ್ರಕಟಿಸಿದರು. ಅದಕ್ಕಾಗಿ ತಮ್ಮ ಆಸ್ಪತ್ರೆಯಲ್ಲಿಯೇ ಅವರು ಬೈಗುಳ ಕೇಳಬೇಕಾಯಿತಂತೆ. ಮೈಸೂರಿನ ನಡುಮನೆಗಳಿಗೆ ಆ ಕೈಕುರ್ಚಿ ಬರಲು ಇನ್ನೂ ಬಹಳ ವರ್ಷಗಳು ಹಿಡಿದುವು.

ಇನ್ನು ಹೃದಯವನ್ನು ಕಾಣುವ ವಿದ್ಯೆ. ರಂಟ್ಜೆನ್ ೧೮೯೫ರಲ್ಲಿ ಕಂಡುಹಿಡಿದ ಕ್ಷಕಿರಣದಿಂದ ಹೃದಯದ ನೆರಳು ಕಾಣುತ್ತಿತ್ತು, ಒಳಗಿನ ಚಲನೆ ಕಾಣುತ್ತಿರಲಿಲ್ಲ. ಹಾಲೆಂಡಿನ ಐಂಥೋವನ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಿರ್ಮಿಸಿದ ಯಂತ್ರದಿಂದ ಹೃದಯದ ವಿದ್ಯುತ್ತಿನ ಏರಿಳಿತ ಗೆರೆಯಾಗಿ ಮೂಡಿತು. ಅದಕ್ಕಾಗಿ ಅವರಿಗೆ ೧೯೨೪ರ ನೊಬೆಲ್ ಪಾರಿತೋಷಕ ದೊರೆಯಿತು. ಅದು ಹೃದಯದ ಕೈಬರಹ, ಮುಖವಲ್ಲ. ೧೯೨೯ರಲ್ಲಿ ಜರ್ಮನಿಯ ಫೋರ್ಸ್‌ಮನ್ ಎಂಬ ತರುಣ ವೈದ್ಯನು ತನ್ನ ತೋಳಿನ ರಕ್ತನಾಳದೊಳಗಿಂದ ಸಣ್ಣ ನಳಿಕೆಯೊಂದನ್ನು ತನ್ನ ಹೃದಯದವರೆಗೆ ತಾನೇ ತೂರಿಸಿಕೊಂಡು, ಕ್ಷಕಿರಣದ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡನು. ಹುಚ್ಚೆಂದರು, ೧೯೫೬ರಲ್ಲಿ ನೊಬೆಲ್ ಕೊಟ್ಟರು. ೧೯೫೮ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಸೋನ್ಸ್ ಎಂಬವರು ಪರೀಕ್ಷೆ ನಡೆಸುತ್ತಿದ್ದಾಗ, ಬಣ್ಣದ ದ್ರವವು ಅಕಸ್ಮಾತ್ತಾಗಿ ಹೃದಯದ ಸ್ವಂತ ನಾಳವೊಂದನ್ನೇ ಹೊಕ್ಕಿತು. ರೋಗಿ ಸತ್ತನೆಂದೇ ಅವರು ಹೆದರಿದರು, ಸಾಯಲಿಲ್ಲ. ಈಗ ಆಂಜಿಯೋಗ್ರಾಂ ಎಂದು ಮನೆಮನೆಯ ಮಾತಾಗಿರುವ ಪರೀಕ್ಷೆ ಹೀಗೆ ಒಂದು ಗಾಬರಿಯಿಂದ ಹುಟ್ಟಿತು.

ಆದರೆ ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಹತ್ತಿರವಾದುದು ಪ್ರತಿಧ್ವನಿಯ ಪರೀಕ್ಷೆ, ಜನರ ಬಾಯಲ್ಲಿ ಎಕೋ. ಅದರ ಹುಟ್ಟು ಹಡಗು ಕಟ್ಟುವ ಕಾರ್ಖಾನೆಯಲ್ಲಿ. ಸ್ವೀಡನ್ ದೇಶದ ಲುಂಡ್ ಪಟ್ಟಣದ ವೈದ್ಯ ಎಡ್ಲರ್ ಎಂಬವರು, ಹೃದಯವನ್ನು ಕೊಯ್ಯದೆ ಚುಚ್ಚದೆ ನೋಡುವ ಉಪಾಯವುಂಟೆ ಎಂದು ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿಯನ್ನು ಕೇಳಿದರು. ಲೋಹದ ಬೆಸುಗೆಯಲ್ಲಿ ಬಿರುಕು ಇದೆಯೆ ಎಂದು ನೋಡಲು ಹತ್ತಿರದ ಮಾಲ್ಮೋ ಬಂದರಿನಲ್ಲಿ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಧ್ವನಿಯನ್ನು ಹಾಯಿಸುವ ಯಂತ್ರವನ್ನು ಬಳಸುತ್ತಿದ್ದರು. ಅದನ್ನು ಕಂಡ ಹರ್ಟ್ಸ್ ತನ್ನ ಎದೆಗೇ ಹಿಡಿದು ನೋಡಿದನು. ೧೯೫೩ರ ಅಕ್ಟೋಬರ್ ೨೯ರಂದು, ಎರವಲು ತಂದ ಯಂತ್ರದಿಂದ ಅವರಿಬ್ಬರೂ ಬಡಿಯುತ್ತಿರುವ ಹೃದಯದಿಂದ ಹಿಂದಿರುಗಿದ ಧ್ವನಿಯನ್ನು ಚಿತ್ರವಾಗಿ ದಾಖಲೆಮಾಡಿದರು. ಬಾವಿಯಲ್ಲಿ ಕೂಗಿ ಆಳವನ್ನು ಅಂದಾಜು ಮಾಡುವ ನಮ್ಮ ಹುಡುಗರ ಆಟಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಈ ಪರೀಕ್ಷೆಯಲ್ಲಿ ಹೃದಯದ ಗೋಡೆ ಎಷ್ಟು ದಪ್ಪ, ಯಾವ ಭಾಗ ಕುಗ್ಗುತ್ತದೆ, ಯಾವ ಭಾಗ ಸುಮ್ಮನಿದೆ, ಎಡ ಹೃತ್ಕುಕ್ಷಿಯು ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟನ್ನು ಒಂದು ಬಡಿತಕ್ಕೆ ಹೊರದೂಡುತ್ತದೆ, ಎಲ್ಲವೂ ಕಾಣುವುದು. ಆರೋಗ್ಯವಂತನಲ್ಲಿ ಆ ಪ್ರಮಾಣ ಸುಮಾರು ೫೫ರಿಂದ ೭೦.

ಈಗ ಮಂಡಿಮೊಹಲ್ಲಕ್ಕೆ ಹಿಂದಿರುಗೋಣ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಡೇವಿಡ್ ಬಾರ್ಕರ್ ಎಂಬ ವಿದ್ವಾಂಸರಿದ್ದರು. ಹರ್ಟ್‌ಫರ್ಡ್‌ಷೈರ್ ಎಂಬ ಸೀಮೆಯಲ್ಲಿ ದಾದಿಯರು ೧೯೧೧ರಿಂದ ಬರೆದಿಟ್ಟಿದ್ದ ಶಿಶುಗಳ ತೂಕದ ಪುಸ್ತಕಗಳು ಅವರಿಗೆ ಸಿಕ್ಕಿದುವು. ಅವನ್ನು ಹಿಡಿದು, ಆ ಶಿಶುಗಳು ಬೆಳೆದು ಗಂಡಸರಾಗಿ ಯಾವ ರೋಗದಿಂದ ತೀರಿಕೊಂಡರೆಂದು ಹುಡುಕಿದರು. ಹುಟ್ಟಿನಲ್ಲಿಯೂ ಒಂದು ವರ್ಷದಲ್ಲಿಯೂ ತೂಕ ಕಡಮೆಯಿದ್ದವರು ಹೃದ್ರೋಗದಿಂದ ಹೆಚ್ಚಾಗಿ ಸತ್ತಿದ್ದರೆಂದು ೧೯೮೯ರಲ್ಲಿ ಪ್ರಕಟವಾಯಿತು. ವಯಸ್ಸಾದ ಮೇಲಿನ ರೋಗದ ಬೇರು ತಾಯಿಯ ಗರ್ಭದಲ್ಲಿರಬಹುದೆಂಬ ಮಾತು ಅನೇಕರಿಗೆ ನಗೆಪಾಟಲಾಗಿ ತೋರಿತು. ೧೯೯೨ರಲ್ಲಿ ಹೇಲ್ಸ್ ಎಂಬವರೊಡನೆ ಸೇರಿ ಬಾರ್ಕರ್ ಮಧುಮೇಹಕ್ಕೂ ಅದನ್ನು ವಿಸ್ತರಿಸಿದರು: ಗರ್ಭದಲ್ಲಿ ಅನ್ನದ ಕೊರತೆಯನ್ನು ಅನುಭವಿಸಿದ ಶಿಶು ಜಿಪುಣತನವನ್ನು ಕಲಿಯುವುದು, ಮುಂದೆ ಸಮೃದ್ಧಿ ಬಂದಾಗ ಆ ಜಿಪುಣತನವೇ ರೋಗವಾಗುವುದು. ಬಡತನ ಕಂಡವರ ಕೈ ಬಿಗಿಯೆಂಬುದನ್ನು ನಾವು ಮನುಷ್ಯರ ಸ್ವಭಾವದಲ್ಲಿ ಬಲ್ಲೆವು. ದೇಹಕ್ಕೂ ಅದು ಸಲ್ಲುವುದೆಂದು ಅವರ ವಾದ.

ಹಾಗಾದರೆ ತಾಯಂದಿರು ಕೃಶರಾಗಿಯೂ ಶಿಶುಗಳು ಹಗುರವಾಗಿಯೂ ಇರುವ ಭರತಖಂಡದಲ್ಲಿ ನೋಡಬೇಕಲ್ಲವೆ? ಆದರೆ ಅರುವತ್ತು ವರ್ಷಗಳ ಹಿಂದಿನ ತೂಕ ಬರೆದಿಟ್ಟವರು ಎಲ್ಲಿ? ಹುಡುಕಾಟದಲ್ಲಿ ಮೈಸೂರಿನ ಪುಸ್ತಕಗಳು ಬೆಳಕಿಗೆ ಬಂದುವು. ಕೆರೊಲೈನ್ ಫಾಲ್, ಕ್ಲಾಡಿಯಾ ಸ್ಟೈನ್, ಕುಮಾರನ್ ಮೊದಲಾದ ವೈದ್ಯರು ೧೯೯೦ರ ದಶಕದಲ್ಲಿ ಆಸ್ಪತ್ರೆಯ ಸುತ್ತಣ ಕೇರಿಗಳಲ್ಲಿ ಆ ಆಸ್ಪತ್ರೆಯಲ್ಲಿಯೇ ಹುಟ್ಟಿ ಊರಲ್ಲಿಯೇ ಉಳಿದವರನ್ನು ಹುಡುಕಿಸಿದರು. ಹೆಸರು ಬದಲಾಗಿರುವ, ಹುಟ್ಟಿದ ದಿನವನ್ನು ಶಾಲೆಗೆ ಸೇರುವಾಗ ಹೇಳಿದಂತೆ ಬರೆಸಿರುವ ನಮ್ಮ ಜನರಲ್ಲಿ ಇದು ಎಂಥ ಕೆಲಸವೆಂಬುದನ್ನು ವಾಚಕರು ಊಹಿಸಬಹುದು. ಅಮ್ಮನ ಹೆಸರೇನು, ಎಷ್ಟನೆಯ ಹೆರಿಗೆ, ಅಪ್ಪನ ಉದ್ಯೋಗವೇನಿತ್ತು ಎಂದು ಕೇಳಿಕೇಳಿ ಹಳೆಯ ಸಾಲಿಗೂ ಎದುರಿಗೆ ಕುಳಿತ ಮನುಷ್ಯನಿಗೂ ಗಂಟುಹಾಕಬೇಕು.

ಹೀಗೆ ೧೯೩೪ರಿಂದ ೧೯೫೪ರವರೆಗೆ ಹುಟ್ಟಿದ ೫೧೭ ಮಂದಿ ಪರೀಕ್ಷಿಸಲ್ಪಟ್ಟರು. ೧೯೯೬ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು. ಗಂಡಸರಲ್ಲಿ ನೂರಕ್ಕೆ ೯, ಹೆಂಗಸರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ನಾಳಗಳ ರೋಗವಿದ್ದಿತು. ಹುಟ್ಟಿದಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ ೧೧. ಏಳು ಪೌಂಡಿಗೆ ಮೇಲ್ಪಟ್ಟವರಲ್ಲಿ ನೂರಕ್ಕೆ ೩. ಶಿಶುವೂ ಹಗುರ, ತಾಯಿಯೂ ಬಸುರಿನಲ್ಲಿ ನೂರು ಪೌಂಡಿಗೆ ಕಡಮೆ ತೂಗಿದವಳು ಎಂಬಲ್ಲಿ ನೂರಕ್ಕೆ ೨೦. ಈ ಕೊನೆಯ ಅಂಕಿಯನ್ನು ಓದಿದಾಗ ನನಗೆ ನಮ್ಮ ಅಜ್ಜಿಯಂದಿರ ನೆನಪು ಬಂದಿತು. ಎಲ್ಲರೂ ಉಂಡಮೇಲೆ ಉಳಿದುದನ್ನು ಉಣ್ಣುವುದು, ಬಸುರಿಯಾದರೂ ವಾರಕ್ಕೆರಡು ಒಪ್ಪತ್ತು ಹಿಡಿಯುವುದು ಗೃಹಿಣಿಯ ಧರ್ಮವೆಂದು ನಾವು ಹೊಗಳುತ್ತಿದ್ದೆವು. ಆ ಹೊಗಳಿಕೆಯ ಬೆಲೆಯನ್ನು ಅವರ ಮಕ್ಕಳು ಐವತ್ತನೆಯ ವಯಸ್ಸಿನಲ್ಲಿ ತೆತ್ತರೆಂದು ಹೇಳಿದರೆ ಅತಿಶಯೋಕ್ತಿಯಾದೀತೇನೋ. ಆದರೆ ಅಂಕಿಗಳು ಆ ದಿಕ್ಕಿಗೇ ಬೆರಳು ತೋರುತ್ತವೆ.

ಸಕ್ಕರೆ ಕಾಯಿಲೆಯ ಮಾತಾದರೋ ಬೇರೆಯಾಯಿತು. ಹಗುರಾದ ಶಿಶುಗಳಿಗೇ ಮಧುಮೇಹ ಹೆಚ್ಚೆಂದು ಆಂಗ್ಲದೇಶದಲ್ಲಿ ಕಂಡಿದ್ದಿತು. ಮೈಸೂರಿನಲ್ಲಿ ೧೯೯೮ರಲ್ಲಿ ಪ್ರಕಟವಾದ ವರದಿಯಂತೆ, ಉದ್ದ ಕಡಮೆಯಾಗಿ, ಉದ್ದಕ್ಕೆ ಹೋಲಿಸಿದರೆ ದುಂಡಾಗಿ ಹುಟ್ಟಿದವರಲ್ಲಿಯೂ, ತಾಯಿ ಹೆಚ್ಚು ತೂಕದವಳಾಗಿದ್ದವರಲ್ಲಿಯೂ ಮಧುಮೇಹ ಹೆಚ್ಚು. ಅಂದರೆ ಹೃದಯಕ್ಕೆ ತಾಯಿಯ ಕೃಶತೆ ಕೇಡಾದರೆ, ಸಕ್ಕರೆಗೆ ತಾಯಿಯ ಸ್ಥೂಲತೆ ಕೇಡಾಯಿತು. ಬಸುರಿನಲ್ಲಿಯೇ ಆ ತಾಯಂದಿರ ರಕ್ತದಲ್ಲಿ ಸಕ್ಕರೆ ಏರಿದ್ದಿರಬಹುದೆ ಎಂಬ ಸಂಶಯ ಹುಟ್ಟಿ, ೧೯೯೭-೯೮ರಲ್ಲಿ ಅದೇ ಆಸ್ಪತ್ರೆಯ ಬಸುರಿಯರನ್ನು ಪರೀಕ್ಷಿಸಿದರು. ನೂರಕ್ಕೆ ಸುಮಾರು ೬ ಮಂದಿಯಲ್ಲಿ ಗರ್ಭಕಾಲದ ಮಧುಮೇಹ ಕಂಡಿತು. ಅವರ ಮಕ್ಕಳನ್ನು ಕೃಷ್ಣವೇಣಿ ಮೊದಲಾದ ವೈದ್ಯೆಯರು ವರ್ಷವರ್ಷವೂ ಅಳೆಯುತ್ತ ಬಂದರು.

ಇಲ್ಲಿ ಒಂದು ಕಾಕತಾಳೀಯವನ್ನು ಹೇಳದೆ ಇರಲಾರೆನು. ಈ ಹೆರಿಗೆ ದಾಖಲೆಗಳು ಆರಂಭವಾಗುವುದಕ್ಕೆ ಒಂದು ವರ್ಷ ಹಿಂದೆಯಷ್ಟೆ, ೧೯೩೩ರಲ್ಲಿ, ಮಂಡ್ಯದ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಕನ್ನಂಬಾಡಿಯ ನೀರು, ಕಬ್ಬಿನ ಗದ್ದೆ, ಬಿಳಿಯ ಸಕ್ಕರೆ, ಅರಮನೆಯ ಪಾಕಶಾಲೆಯಿಂದ ಬೀದಿಗಿಳಿದ ಮೈಸೂರು ಪಾಕು, ಎಲ್ಲವೂ ಒಂದೇ ಕಾಲದ ಮಕ್ಕಳು. ಆದರೆ ಸಕ್ಕರೆ ತಿಂದುದರಿಂದಲೇ ಸಕ್ಕರೆ ಕಾಯಿಲೆಯೆಂದು ನ್ಯಾಯ ಹೇಳಿಬಿಡುವುದು ಸರಿಯಲ್ಲ. ಕಾರ್ಯಕಾರಣಗಳ ಸರಪಳಿ ಅಷ್ಟು ಗಿಡ್ಡವಲ್ಲವೆಂಬುದನ್ನೇ ಈ ಪುಸ್ತಕಗಳು ಹೇಳುತ್ತಿವೆ.

ಆ ಜನರ ಹೃದಯಗಳನ್ನು ಎಕೋ ಯಂತ್ರದಿಂದಲೂ ನೋಡಿದರು. ಹಗುರಾಗಿ ಹುಟ್ಟಿದವರ ಎಡ ಹೃತ್ಕುಕ್ಷಿಯು ದಪ್ಪಗಟ್ಟಿದ್ದೀತು, ರಕ್ತನಾಳಗಳು ಬಿರುಸಾಗಿದ್ದಾವು, ರಕ್ತದ ಒತ್ತಡ ಏರಿದ್ದೀತು ಎಂಬುದು ನಿರೀಕ್ಷೆ. ೨೦೦೦ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹುಟ್ಟಿನ ಕಿರಿತನಕ್ಕೂ ಈ ಮೂರಕ್ಕೂ ಸಂಬಂಧವೇ ಕಾಣಲಿಲ್ಲ. ತಾವು ನಂಬಿದ ಸಿದ್ಧಾಂತಕ್ಕೆ ಅನುಕೂಲವಲ್ಲದ ಫಲವನ್ನು ತಲೆಬರಹದಲ್ಲಿಯೇ ಬರೆದು ಅಚ್ಚುಹಾಕಿಸಿದ ಆ ವಿದ್ವಾಂಸರ ಪ್ರಾಮಾಣಿಕತೆಯನ್ನು ನಾನು ಮೆಚ್ಚುವೆನು. ನಮ್ಮ ಶಾಸನಸಂಶೋಧಕರಲ್ಲಿ ಕೆಲವರು ಇದನ್ನು ಗಮನಿಸಬಹುದು. ಇರಲಿ.

ಮಧುಮೇಹಿಯ ಹೃದಯವು ಆಘಾತಾನಂತರ ಚೇತರಿಸಿಕೊಳ್ಳುವುದು ಏಕೆ ಕಷ್ಟ? ನಮ್ಮ ದೊಡ್ಡಪ್ಪನವರಂತೆ ನೋವಿಲ್ಲದೆ ಆಘಾತವಾಗುವುದು ಮೊದಲನೆಯ ಕಾರಣ. ಬಹುಕಾಲ ಏರಿದ ಸಕ್ಕರೆಯು ನರಗಳನ್ನು ಮಂಕುಮಾಡುವುದರಿಂದ ಹೃದಯವು ಕೂಗಿಕೊಂಡರೂ ಮನುಷ್ಯನಿಗೆ ಕೇಳಿಸದು; ಬೆವರು, ವಾಂತಿ, ಉಬ್ಬಸ, ಕಾರಣವಿಲ್ಲದ ಆಯಾಸ, ಇಷ್ಟೇ ಕುರುಹು. ನೋವಿಲ್ಲದ್ದರಿಂದ ಆಸ್ಪತ್ರೆಗೆ ತಡವಾಗುವುದು. ತಡವಾದಷ್ಟೂ ಸ್ನಾಯು ಸಾಯುವುದು. ಮತ್ತೆ, ಅವರ ನಾಳಗಳಲ್ಲಿ ರೋಗವು ಒಂದೆಡೆ ನಿಲ್ಲದೆ ಉದ್ದಕ್ಕೂ ಹರಡಿರುವುದುಂಟು. ನಾಳಗಳು ಚೆನ್ನಾಗಿದ್ದಾಗಲೂ ಹೃದಯದ ಸ್ನಾಯುವೇ ಬಿಗಿತು ದುರ್ಬಲವಾಗುವುದೆಂದು ೧೯೭೨ರಲ್ಲಿ ರೂಬ್ಲರ್ ಎಂಬವರು ನಾಲ್ವರು ಮೃತರ ಹೃದಯಗಳನ್ನು ಪರೀಕ್ಷಿಸಿ ಬರೆದರು. ಅಮೆರಿಕದ ಫ್ರೇಮಿಂಗ್‌ಹ್ಯಾಂ ಪಟ್ಟಣದಲ್ಲಿ, ಹೃದಯ ಸೋತುಹೋಗುವ ರೋಗವು ಮಧುಮೇಹಿಗಳಲ್ಲದವರಿಗಿಂತ ಮಧುಮೇಹಿ ಗಂಡಸರಲ್ಲಿ ಎರಡು ಪಟ್ಟು, ಹೆಂಗಸರಲ್ಲಿ ಐದು ಪಟ್ಟು ಎಂದು ೧೯೭೪ರಲ್ಲಿ ಕಂಡಿತು. ೧೯೯೮ರಲ್ಲಿ ಫಿನ್ಲೆಂಡಿನ ಜನರನ್ನು ಏಳು ವರ್ಷ ನೋಡಿದವರು, ಒಮ್ಮೆಯೂ ಆಘಾತವಾಗದ ಮಧುಮೇಹಿಗೂ ಒಮ್ಮೆ ಆಘಾತವಾದ ಇತರನಿಗೂ ಮುಂದಿನ ಗಂಡಾಂತರ ಹೆಚ್ಚುಕಡಮೆ ಒಂದೇ ಎಂದರು: ಒಂದು ಕಡೆ ನೂರಕ್ಕೆ ೨೦, ಇನ್ನೊಂದು ಕಡೆ ೧೯. ಅನಂತರದ ಪರೀಕ್ಷೆಗಳು ಈ ಸಮೀಕರಣವನ್ನು ಸ್ವಲ್ಪ ಸಡಿಲಿಸಿವೆ.

ಆಘಾತದ ದಿನಗಳಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಉಪಯೋಗವುಂಟೆ ಎಂಬುದರಲ್ಲಿಯೂ ಚರಿತ್ರೆ ತಿರುವು ಪಡೆಯಿತು. ೧೯೯೫ರಲ್ಲಿ ಸ್ವೀಡನ್ನಿನ ವೈದ್ಯರು ೬೨೦ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಇನ್ಸುಲಿನ್ನನ್ನು ನಾಳದ ಮೂಲಕ ಹರಿಸಿ, ಒಂದು ವರ್ಷದೊಳಗಿನ ಸಾವು ನೂರಕ್ಕೆ ೨೬ರಿಂದ ೧೯ಕ್ಕೆ ಇಳಿಯಿತೆಂದರು. ಅದೇ ಬಳಗದವರು ೨೦೦೫ರಲ್ಲಿ ಮರಳಿ ನೋಡಿದಾಗ ಅಷ್ಟು ಲಾಭ ಕಾಣಲಿಲ್ಲ. ಮನೆಯವರು ವೈದ್ಯರನ್ನು "ಹೋದ ಸಲ ಹಾಗೆಂದಿರಿ, ಈ ಸಲ ಹೀಗೆನ್ನುತ್ತೀರಿ" ಎಂದು ಆಕ್ಷೇಪಿಸುವುದುಂಟು. ಹೀಗೆ ತಿದ್ದಿಕೊಳ್ಳುತ್ತ ಹೋಗುವುದೇ ಆ ಶಾಸ್ತ್ರದ ನಡಿಗೆ.

ಎಕೋ ಚಿತ್ರದಿಂದ ದೊರೆತ ದೊಡ್ಡ ತಿಳಿವು ಬೇರೊಂದಿದೆ. ಆಘಾತದ ಮರುದಿನ ಅಲುಗಾಡದ ಗೋಡೆಯೆಲ್ಲವೂ ಸತ್ತುದಲ್ಲ. ರಕ್ತದ ಹರಿವು ಮರಳಿ ಬಂದರೂ ಕೆಲವು ದಿನ, ಕೆಲವು ವಾರ ಸ್ನಾಯು ದಿಗ್ಭ್ರಮೆಗೊಂಡಂತೆ ಸುಮ್ಮನಿದ್ದು ಅನಂತರ ಚಲಿಸಬಹುದೆಂದು ಬ್ರಾನ್‌ವಾಲ್ಡ್ ಮತ್ತು ಕ್ಲೋನರ್ ೧೯೮೨ರಲ್ಲಿ ವಿವರಿಸಿದರು. ಆದುದರಿಂದ ಮೊದಲ ಚಿತ್ರವನ್ನು ನೋಡಿ ಹಣೆಬರಹವನ್ನು ಓದಕೂಡದು. ಆರು ವಾರಗಳಾದರೂ ಕಳೆದ ಮೇಲೆ ಮತ್ತೆ ನೋಡಬೇಕು. ನಮ್ಮ ದೊಡ್ಡಪ್ಪನವರನ್ನು ಮಲಗಿಸಿದ್ದೂ ಆರು ವಾರ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನಿಗೂ ಹಾಗೆಯೇ ಆಯಿತು. ಅವಳಿಗೂ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ; ಅವಳಿಗೂ ಎದೆನೋವಿರಲಿಲ್ಲ. ಬೆಳಗ್ಗೆ ತುಳಸಿಯ ಕಟ್ಟೆಯ ಬಳಿ ಬೆವತು ಕುಳಿತಳು. ದೊಡ್ಡಪ್ಪನವರ ಕಥೆ ಮನೆಯಲ್ಲಿ ಜೀವಂತವಾಗಿದ್ದುದರಿಂದ ಯಾರೂ ಜೀರಿಗೆ ಹುಡುಕಲಿಲ್ಲ. ಗಂಟೆಯೊಳಗೆ ಆಸ್ಪತ್ರೆ ಸೇರಿಸಿದೆವು. ಮುಚ್ಚಿದ್ದ ನಾಳವನ್ನು ತೆರೆದು ಸ್ಟೆಂಟ್ ಹಾಕಿದರು. ಬಣ್ಣದ ದ್ರವದಿಂದ ಮೂತ್ರಪಿಂಡಕ್ಕೆ ತೊಂದರೆಯಾಗದಂತೆ ಎಚ್ಚರ ವಹಿಸಿದರು. ಮಾರನೆಯ ದಿನದ ಎಕೋದಲ್ಲಿ ಹೊರದೂಡುವ ಪ್ರಮಾಣ ನೂರಕ್ಕೆ ೩೮. ಅಕ್ಕ ಪರದೆಯ ಮೇಲೆ ತನ್ನ ಹೃದಯವನ್ನು ನೋಡುತ್ತ, "ಆ ಕಡೆಯ ಗೋಡೆ ಮುನಿಸಿಕೊಂಡಿದೆಯೇನಪ್ಪ?" ಎಂದು ತರುಣ ವೈದ್ಯನನ್ನು ಕೇಳಿದಳು. ಅವನು ನಕ್ಕು, "ಸ್ವಲ್ಪ ದಿನ ಕೊಡಿ ಅಮ್ಮಾ, ಸಮಾಧಾನವಾಗುತ್ತೆ" ಎಂದನು. ಮೂರನೆಯ ದಿನ ಅವಳನ್ನು ನಡೆಸಿದರು. ಮನೆಗೆ ಬಂದಮೇಲೆ ಮೊದಲು ಅಂಗಳ, ಆಮೇಲೆ ಬೀದಿಯ ತುದಿ, ತಿಂಗಳಾದಾಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕಾಲುಭಾಗ. ಸುಶ್ರುತನ ನೂರು ಯೋಜನಕ್ಕೆ ಇದು ಎಷ್ಟು ಕಡಮೆಯೆಂದು ನಾನು ಹಾಸ್ಯಮಾಡುತ್ತಿದ್ದೆನು. ಏಳನೆಯ ವಾರ ಮತ್ತೆ ಎಕೋ ತೆಗೆದಾಗ ಪ್ರಮಾಣ ೫೦ಕ್ಕೆ ಬಂದಿತ್ತು. ಗೋಡೆಯ ಒಂದು ಮೂಲೆ ಮಾತ್ರ ಇಂದಿಗೂ ಅಲುಗುವುದಿಲ್ಲ.

ಕನ್ನಂಬಾಡಿಯ ದಾರಿಯಲ್ಲಿ, ಕ್ಷಯರೋಗಿಗಳಿಗಾಗಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಆರೋಗ್ಯಧಾಮದ ಆವರಣದಲ್ಲಿಯೇ ಈಗ ಜಯದೇವ ಹೃದ್ರೋಗ ಸಂಸ್ಥೆಯ ಮೈಸೂರಿನ ಆಸ್ಪತ್ರೆ ನಿಂತಿದೆ. ಈ ಶಾಖೆಯು ಮೊದಲು ಕೃಷ್ಣರಾಜೇಂದ್ರ ಆಸ್ಪತ್ರೆಯ ಆವರಣದಲ್ಲಿದ್ದು, ಅಲ್ಲಿ ಎಡೆ ಸಾಲದೆ ಇಲ್ಲಿಗೆ ಬಂದಿತು. ಕೆಮ್ಮುವವರಿಗೆಂದು ನೂರು ವರ್ಷಗಳ ಹಿಂದೆ ಆಯ್ದ ಗಾಳಿಬೆಳಕಿನ ನೆಲದಲ್ಲಿ ಇಂದು ಬೆಳಗಿನಿಂದ ಎಕೋ ಕೋಣೆಯ ಮುಂದೆ ಜನ ಕುಳಿತಿರುವರು; ಅವರ ಕೈಚೀಲದಲ್ಲಿ ಒಂದು ಕಡೆ ಹೃದಯದ ಚೀಟಿ, ಇನ್ನೊಂದು ಕಡೆ ಸಕ್ಕರೆಯ ಚೀಟಿ.

ನಮ್ಮ ಅಕ್ಕನು ಹುಟ್ಟಿದ್ದು ಮಿಷನ್ ಆಸ್ಪತ್ರೆಯಲ್ಲಿ. ಆ ಹಳೆಯ ಪುಸ್ತಕದಲ್ಲಿ ತನ್ನ ಸಾಲು ಇದ್ದೀತೆ, ಆಗ ತಾನು ಎಷ್ಟು ಪೌಂಡು ಇದ್ದೆನೋ, ಅಮ್ಮ ಎಷ್ಟು ತೂಗುತ್ತಿದ್ದಳೋ ಎಂದು ಈಚೆಗೆ ಒಮ್ಮೆ ಕೇಳಿದಳು. ಅಮ್ಮ ತೆಳ್ಳಗಿದ್ದಳೆಂಬುದು ಮಾತ್ರ ನಮ್ಮಿಬ್ಬರಿಗೂ ನೆನಪಿದೆ.